ಮೂಡದ ಡಕಾರ

ಹೇಮಾವತಿಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಋತಾನಂದರೆಂಬ ಗುರುಗಳಿದ್ದರು.

ಗಂಟಲಲ್ಲಿ ಗಡ್ಡೆಯಾಗಿ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಮಾತು ನಿಂತುಹೋಗಿತ್ತು. ಕಾಲಿನಲ್ಲೂ ಶಕ್ತಿ ಉಳಿದಿರಲಿಲ್ಲ. ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು.

ಭಕ್ತರೊಬ್ಬರು ಮಂಚದ ಪಕ್ಕಕ್ಕೆ ಒಂದು ಕಂಪ್ಯೂಟರ್ ತಂದಿಟ್ಟರು. ಗುರುಗಳು ಒಂದೇ ಬೆರಳಿನಿಂದ ಒಂದೊಂದೇ ಗುಂಡಿ ಒತ್ತಿ ಬರೆಯುತ್ತಿದ್ದರು. ಶಿಷ್ಯ ಶ್ರೀಕರ ಪರದೆ ನೋಡಿ ಬಂದವರಿಗೆ ಓದಿ ಹೇಳುತ್ತಿದ್ದ.

ಒಂದು ದಿನ ಕೀಬೋರ್ಡಿನಲ್ಲಿ ‘ಡ’ ಗುಂಡಿ ಕೆಟ್ಟಿತು. ಎಷ್ಟು ಒತ್ತಿದರೂ ಆ ಅಕ್ಷರ ಮೂಡಲಿಲ್ಲ.

ಗುರುಗಳು ಬರೆದರು: “ಗಿಕ್ಕೆ ನೀರು.”

“ಗಿಡಕ್ಕೆ ನೀರು ತಾನೇ? ಈಗಲೇ ಹಾಕುತ್ತೇನೆ” ಎಂದ ಶ್ರೀಕರ.

ಗುರುಗಳು ಕೆಟ್ಟ ಗುಂಡಿಯನ್ನು ತೋರಿಸಿದರು. ಬಾಗಿಲ ಕಡೆಗೆ ಕೈ ಮಾಡಿದರು.

“ರಿಪೇರಿಗೆ ಕೊಟ್ಟರೆ ಅಲ್ಲಿಯವರೆಗೆ ನಿಮಗೆ ಮಾತೇ ಇರುವುದಿಲ್ಲ ಗುರುಗಳೇ. ಒಂದು ಅಕ್ಷರ ಹೋದರೆ ಏನಾಯಿತು? ಇಷ್ಟು ವರ್ಷ ನಿಮ್ಮ ಜೊತೆಗಿದ್ದೇನೆ. ನೀವು ಅರ್ಧ ಬರೆದರೆ ಉಳಿದದ್ದು ನನಗೆ ಗೊತ್ತಾಗುತ್ತದೆ.”

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಸುಮ್ಮನಾದರು.

ಬಂದವರೆಲ್ಲ ಶ್ರೀಕರನನ್ನು ಹೊಗಳಿದರು. “ಗುರುಗಳು ಬರೆದು ಮುಗಿಸುವ ಮೊದಲೇ ಓದಿಬಿಡುತ್ತಾನಲ್ಲ, ಇವನೇ ನಿಜವಾದ ಶಿಷ್ಯ” ಎಂದರು.

ಶ್ರೀಕರನಿಗೆ ಆ ಮಾತು ಹಿತವಾಗಿತ್ತು. ಅವನು ಇನ್ನಷ್ಟು ಬೇಗ ಓದತೊಡಗಿದ.

ಒಂದು ಮಧ್ಯಾಹ್ನ ಸುಗುಣ ಎಂಬ ಹೆಂಗಸು ಬಂದಳು. ಚಿಕ್ಕಂದಿನಿಂದ ಆಶ್ರಮಕ್ಕೆ ಬಂದು ಹೋಗುತ್ತಿದ್ದವಳು. ಸೆಖೆಯ ದಿನವಾದರೂ ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಸುತ್ತಿಕೊಂಡಿದ್ದಳು.

“ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದೇನೆ ಗುರುಗಳೇ” ಎಂದಳು. “ಇವತ್ತು ಅವರು ಕರೆದುಕೊಂಡು ಹೋಗಲು ಬಂದಿದ್ದಾರೆ. ಗೇಟಿನ ಹತ್ತಿರ ನಿಂತಿದ್ದಾರೆ. ಅಣ್ಣ ಇಲ್ಲೇ ಇರು ಅನ್ನುತ್ತಾನೆ. ಅಮ್ಮ ಹೋಗು ಅನ್ನುತ್ತಾಳೆ.”

ಸೆರಗನ್ನು ಸ್ವಲ್ಪ ಸಡಿಲಿಸಿದಳು. ಕತ್ತಿನ ಮೇಲೆ ಬೆರಳುಗಳ ಗುರುತು ಕಪ್ಪಾಗಿ ಮೂಡಿತ್ತು.

“ನೀವು ಹೇಳಿದ ಹಾಗೆ ಕೇಳುತ್ತೇನೆ.”

ಗುರುಗಳು ಕೀಬೋರ್ಡಿನ ಮೇಲೆ ಬಾಗಿದರು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು.

“ಹೋಗಬೇ”

“ಹೋಗಬೇಕು” ಎಂದು ಓದಿದ ಶ್ರೀಕರ.

ಗುರುಗಳ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

“ಹೋಗಬೇಕಾ?” ಎಂದಳು ಸುಗುಣ. ಅವಳ ದನಿ ಇಳಿದುಹೋಗಿತ್ತು.

“ಹೋಗಬೇಕು ತಾಯಿ. ಗುರುಗಳ ಮಾತು. ಎಲ್ಲ ಸರಿಹೋಗುತ್ತದೆ.”

ಗುರುಗಳು ನಡುಗುವ ಕೈಯನ್ನು ಮೇಲೆತ್ತಿದರು.

“ನೋಡಿ, ಆಶೀರ್ವಾದವನ್ನೂ ಮಾಡುತ್ತಿದ್ದಾರೆ” ಎಂದ ಶ್ರೀಕರ.

ಸುಗುಣ ಆ ಕೈಗೆ ತಲೆಬಾಗಿದಳು. ಎದ್ದು ಹೊರಟಳು. ಶ್ರೀಕರ ಗೇಟಿನವರೆಗೆ ಹೋಗಿ, ಅವಳ ಗಂಡನಿಗೆ ಎರಡು ಬುದ್ಧಿಮಾತು ಹೇಳಿ, ಜೀಪು ಹೊರಡುವವರೆಗೆ ನಿಂತಿದ್ದು ಬಂದ.

ಮರಳಿ ಬಂದಾಗ ಪರದೆಯ ಮೇಲೆ ಒಂದು ಪದವಿತ್ತು.

“ನಿಲ್ಲಿಸು.”

ಗುರುಗಳು ಏದುಸಿರು ಬಿಡುತ್ತಿದ್ದರು. ಹಣೆಯೆಲ್ಲ ಬೆವರು.

“ಆಯಾಸವಾಯಿತಲ್ಲವೇ? ನಿಲ್ಲಿಸುತ್ತೇನೆ, ಮಲಗಿ” ಎಂದು ಶ್ರೀಕರ ಕಂಪ್ಯೂಟರ್ ಆರಿಸಿದ.

ಗುರುಗಳು ಅವನ ಮಣಿಕಟ್ಟು ಹಿಡಿದುಕೊಂಡರು. ಅವನು ಮೆಲ್ಲಗೆ ಬಿಡಿಸಿಕೊಂಡು ಕಂಬಳಿ ಹೊದಿಸಿದ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಗುರುಗಳು ಬರೆದರು: “ಆಕೆಯನ್ನು ಕರೆಸು.”

“ಸುಗುಣಳನ್ನೇ? ಹೋಗಬೇಕು ಅಂದವರು ನೀವೇ ಅಲ್ಲವೇ?”

ಗುರುಗಳು ತಲೆ ಅಲ್ಲಾಡಿಸಿದರು. ಮತ್ತೆ ಬರೆದರು.

“ಹೋಗಬೇ”

ಬರೆದು ‘ಡ’ ಗುಂಡಿಯ ಮೇಲೆ ಬೆರಳಿಟ್ಟು ಒತ್ತಿದರು. ಮತ್ತೆ ಒತ್ತಿದರು. ಒತ್ತುತ್ತಲೇ ಇದ್ದರು.

ಶ್ರೀಕರ ಫೋನಿನ ಕಡೆ ಧಾವಿಸಿದ. ಅವಳ ಅಣ್ಣ ತಿರುಮಲೇಶನಿಗೆ ಫೋನ್ ಮಾಡಿದ.

“ಈಗಷ್ಟೇ ಸುದ್ದಿ ಬಂತು” ಎಂದ ತಿರುಮಲೇಶ. “ಗಂಡನ ಮನೆಯ ತೋಟದ ಬಾವಿಯಿಂದ ಅವಳನ್ನು ಎತ್ತಿದ್ದಾರಂತೆ.”

ಅವತ್ತು ಶ್ರೀಕರ ಊಟ ಮಾಡಲಿಲ್ಲ. ಕೀಬೋರ್ಡನ್ನು ಜಗುಲಿಗೆ ತಂದು ಕುಳಿತ.

ಜಗುಲಿಗೆ ತರುವ ಮೊದಲೇ ಅದರ ವೈರನ್ನು ಬಿಚ್ಚಿ ಬೇರೆ ಕಡೆ ಸಿಕ್ಕಿಸಿದ್ದ. ಆಗಲಿಲ್ಲ. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದ್ದ. ಆಗಲಿಲ್ಲ. ಆಶ್ರಮದ ಶಾಲೆಯಿಂದ ಇನ್ನೊಂದು ಕೀಬೋರ್ಡ್ ತಂದು ಜೋಡಿಸಿದಾಗ ‘ಡ’ ಚೆನ್ನಾಗಿ ಬಂತು. ಅಲ್ಲಿಗೆ ದೋಷ ಈ ಕೀಬೋರ್ಡಿನದೇ ಎಂದು ಖಚಿತವಾಯಿತು.

ಬೋರಲು ಹಾಕಿ ತಟ್ಟಿದ. ಚಮಚದ ಹಿಡಿಯಿಂದ ಮೀಟಿ ‘ಡ’ ಗುಂಡಿಯನ್ನು ಕಿತ್ತ.

ಅಡಿಯಲ್ಲಿ ಊದುಬತ್ತಿಯ ಬೂದಿ ಜಿಡ್ಡಿನೊಂದಿಗೆ ಸೇರಿ ಗಟ್ಟಿಯಾಗಿ ಕೂತಿತ್ತು.

ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದ. ಒಣಗಲು ಬಿಟ್ಟು, ಗುಂಡಿಯನ್ನು ಮತ್ತೆ ಕೂರಿಸಿ, ಶಾಲೆಯ ಕಂಪ್ಯೂಟರಿಗೆ ಸಿಕ್ಕಿಸಿ ಒತ್ತಿದ. ಡ. ಡ. ಡ.

ಇಷ್ಟು ಸಣ್ಣ ಕೆಲಸ. ಅವನು ಜಗುಲಿಗೆ ಮರಳಿ ಮುಖ ಮುಚ್ಚಿಕೊಂಡು ಕುಳಿತುಬಿಟ್ಟ.

ಕೀಬೋರ್ಡನ್ನು ಗುರುಗಳ ಮುಂದಿಟ್ಟು, “ಸರಿಯಾಗಿದೆ” ಎಂದ.

ಗುರುಗಳು ಅದನ್ನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಬಂದ ಭಕ್ತರು ಕಾದು ಕಾದು ಎದ್ದುಹೋದರು.

ಕೆಲವು ದಿನಗಳಾದ ಮೇಲೆ ತಿರುಮಲೇಶ ತಂಗಿಯ ಅಸ್ಥಿ ಬಿಡಲು ಹೊಳೆಗೆ ಬಂದ. ಬಟ್ಟೆ ಕಟ್ಟಿದ ಮಡಕೆಯನ್ನು ಎದೆಗೊತ್ತಿಕೊಂಡು ಆಶ್ರಮದ ಬಾಗಿಲಲ್ಲಿ ನಿಂತ.

“ಒಂದು ಮಾತು ಕೇಳಬೇಕಿತ್ತು” ಎಂದ. “ನಾನು ಬೇಡ ಅಂದಿದ್ದೆ. ಗುರುಗಳು ಹೇಳಿದ್ದಾರೆ ಅಂತ ಹೇಳಿ ಹೋದಳು. ಗುರುಗಳು ಹೋಗು ಅಂದದ್ದು ನಿಜವಾ?”

ಶ್ರೀಕರ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಕೀಬೋರ್ಡ್ ಕೆಟ್ಟಿತ್ತು” ಎಂದ.

ತಿರುಮಲೇಶನಿಗೆ ಅರ್ಥವಾಗಲಿಲ್ಲ. ಇನ್ನೇನಾದರೂ ಹೇಳಬಹುದೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ತಲೆ ತಗ್ಗಿಸಿ ಹೊಳೆಯ ಕಡೆ ನಡೆದ.

ಒಳಗಿನಿಂದ ಮಂಚದ ಅಂಚನ್ನು ಬಡಿದ ಸದ್ದು ಕೇಳಿತು. ಶ್ರೀಕರ ಹೋದ.

ಗುರುಗಳು ಎದ್ದು ಕುಳಿತಿದ್ದರು. ಕೀಬೋರ್ಡನ್ನು ತೊಡೆಯ ಮೇಲೆ ಎಳೆದುಕೊಂಡಿದ್ದರು.

“ಅವನಿಗೆ ಏನು ಹೇಳಿದೆ?” ಎಂದು ಬರೆದರು.

“ಇದ್ದದ್ದನ್ನೇ ಹೇಳಿದೆ. ‘ಡ’ ಗುಂಡಿ ಕೆಟ್ಟಿತ್ತು. ಅದರಡಿ ಬೂದಿ ಕೂತಿತ್ತು. ನಾನೇ ಬಿಚ್ಚಿ ನೋಡಿದ್ದೇನೆ ಗುರುಗಳೇ. ದೋಷ ಅದರದ್ದೇ.”

“ನಾನು ಒತ್ತಿದಾಗ ‘ಡ’ ಬರಲಿಲ್ಲ. ಅದು ಕೀಬೋರ್ಡಿನ ದೋಷ.”

“ಹೌದು.”

ಗುರುಗಳ ಬೆರಳು ನಿಧಾನವಾಗಿ ಚಲಿಸಿತು.

“‘ಕು’ ಎಲ್ಲಿಂದ ಬಂತು?”

ಶ್ರೀಕರ ಪರದೆಯನ್ನು ಮತ್ತೊಮ್ಮೆ ಓದಿದ.

“ನಮ್ಮ ಅಕ್ಕ ಹೀಗೇ ಒಮ್ಮೆ ಮನೆಗೆ ಬಂದಿದ್ದಳು” ಎಂದ. “ಅಪ್ಪ, ಅಮ್ಮ, ಊರಿನ ಹಿರಿಯರು, ಎಲ್ಲರೂ ಹೋಗಬೇಕು ಅಂದರು. ಬೇರೆ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ನೀವೂ ಅದನ್ನೇ ಹೇಳುತ್ತೀರಿ ಅಂದುಕೊಂಡೆ.”

ಅವನು ನೆಲಕ್ಕೆ ಕುಸಿದ.

“ನೀವಾದರೂ ಮೊದಲೇ ನನ್ನನ್ನು ತಡೆಯಬಾರದಿತ್ತೇ? ಇಷ್ಟು ದಿನ ನಾನು ತುಂಬಿಸಿ ಓದಿದ್ದಕ್ಕೆಲ್ಲ ಸುಮ್ಮನಿದ್ದಿರಿ.”

ಗುರುಗಳ ಕಣ್ಣಲ್ಲಿ ನೀರು ತುಂಬಿತು. ಅವರು ಬರೆದರು: “ಸುಮ್ಮನಿದ್ದೆ. ಅದು ನನ್ನ ಪಾಲು.”

“ಈಗ ನಾನೇನು ಮಾಡಲಿ?”

“ಅವನು ಇನ್ನೂ ಹೊಳೆಯ ಮೆಟ್ಟಿಲ ಮೇಲಿದ್ದಾನೆ.”

ಶ್ರೀಕರ ಕಿಟಕಿಯಿಂದ ನೋಡಿದ. ತಿರುಮಲೇಶ ಕೊನೆಯ ಮೆಟ್ಟಿಲಲ್ಲಿ ಕುಳಿತಿದ್ದ. ಮಡಕೆ ಇನ್ನೂ ಅವನ ಮಡಿಲಲ್ಲೇ ಇತ್ತು.

“ಅವನಿಗೆ ಏನೆಂದು ಹೇಳಲಿ ಗುರುಗಳೇ?”

ಗುರುಗಳು ಒಂದೊಂದೇ ಗುಂಡಿ ಒತ್ತಿದರು. ಶ್ರೀಕರ ಈ ಸಲ ಅವರ ಬೆರಳು ಪೂರ್ತಿ ಮೇಲೇಳುವವರೆಗೆ ಕಾದ.

“ನಾನು ಬರೆದದ್ದನ್ನು ಹೇಳು. ನೀನು ಓದಿದ್ದನ್ನು ಹೇಳು. ಇನ್ನೇನನ್ನೂ ಸೇರಿಸಬೇಡ.”