ಟಿಟ್ಟಿಭದ ಮೊಟ್ಟೆಗಳ ಫೋಟೊ

ಗಾಣದ ಎತ್ತಿಗೆ ಫೋಟೊ ತೆಗೆಯುವ ಹುಚ್ಚು. ಆದರೆ ಅದಕ್ಕೆ ಬಿಡುವು ಸಿಗುತ್ತಿದ್ದದ್ದು ಗಾಣದಿಂದ ಹಿಂಡಿ ತೆಗೆದು ಹೊಸ ಎಳ್ಳು ತುಂಬುವಷ್ಟು ಹೊತ್ತು ಮಾತ್ರ. ಅಷ್ಟರಲ್ಲೇ ಒಂದು ದಿನ ಅದು ಪಕ್ಕದ ಕಲ್ಲುಬಯಲಿಗೆ ಹೋಗಿ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳ ಫೋಟೊ ತೆಗೆಯಿತು. ನೋಡಿದರೆ ಮೊಟ್ಟೆ ಯಾವುದು, ಕಲ್ಲು ಯಾವುದು, ಒಂದೂ ತಿಳಿಯಲಿಲ್ಲ.

“ಇರು ತಾಯಿ, ಶಾರ್ಪ್ ಮಾಡಿಬಿಡ್ತೀನಿ,” ಎಂದಿತು ಎತ್ತು.

“ಬೇಡ ಎತ್ತಣ್ಣ,” ಎಂದಿತು ಟಿಟ್ಟಿಭ. “ಯಾರಿಗೂ ಕಾಣದೆ ಇರಲಿ ಅಂತಲೇ ಕಲ್ಲಿನ ನಡುವೆ ಇಟ್ಟಿದೀನಿ. ಮಾಡಲೇಬೇಕು ಅಂದ್ರೆ ಹಿಂದೆ ಕಾಣೋ ಆ ಮರವನ್ನ ಮಾತ್ರ ಶಾರ್ಪ್ ಮಾಡ್ಕೋ, ಮೊಟ್ಟೆಗಳನ್ನ ಹಾಗೇ ಬಿಡು.”

“ಒಂದೊಂದನ್ನೇ ಬಿಡಿಸ್ಕೊಂಡು ಕೂರೋಕೆ ನನಗೆಲ್ಲಿದೆ ಪುರುಸೊತ್ತು? ಗಾಣಿಗ ಆಗಲೇ ಕೂಗ್ತಿದಾನೆ!”

ಎತ್ತು ಒಂದೇ ಸಲಕ್ಕೆ ಇಡೀ ಫೋಟೊದ ಶಾರ್ಪ್‌ನೆಸ್ಸನ್ನು ಕೊನೆಯವರೆಗೂ ಎಳೆಯಿತು. ನಾಲ್ಕೂ ಮೊಟ್ಟೆಗಳು, ಯಾರೋ ಸುತ್ತ ಕಪ್ಪು ಗೆರೆ ಬರೆದಂತೆ, ಕಲ್ಲುಗಳಿಂದ ಬೇರೆಯಾಗಿ ನಿಂತವು. ಫೋಟೊ ಊರಿನ ಪ್ರಾಣಿಗಳ ಗ್ರೂಪಿಗೆ ಹೋಯಿತು. ಎತ್ತು ನೊಗಕ್ಕೆ ಹೋಯಿತು.

ಮರುದಿನ ಗಾಣ ನಿಂತಾಗ ಎತ್ತು ಬಂದು ನೋಡಿದರೆ, ಟಿಟ್ಟಿಭ ಒಡೆದ ಚಿಪ್ಪುಗಳ ಸುತ್ತ ಕಿರುಚುತ್ತ ಹಾರುತ್ತಿತ್ತು. ಮುಂಗುಸಿ ಮೀಸೆ ಒರೆಸಿಕೊಳ್ಳುತ್ತ ಎದುರಾಯಿತು.

“ಎಂಥಾ ಫೋಟೊ ಎತ್ತಣ್ಣ! ವಾರದಿಂದ ಈ ಮೊಟ್ಟೆಗಳ ಪಕ್ಕದಲ್ಲೇ ಓಡಾಡಿದ್ದೆ, ಕಣ್ಣಿಗೇ ಬಿದ್ದಿರಲಿಲ್ಲ ನೋಡು.”

ಎತ್ತಿನ ಕಣ್ಣಿಂದ ನೀರು ಇಳಿಯತೊಡಗಿತು. ಅಳುತ್ತಲೇ, ಟಿಟ್ಟಿಭಕ್ಕೆ ಕೇಳಿಸದಷ್ಟು ಮೆಲ್ಲಗೆ, ಅದು ಮುಂಗುಸಿಯ ಕಡೆ ಬಾಗಿತು:

“ನಿಜವಾಗ್ಲೂ ಅಷ್ಟು ಚೆನ್ನಾಗಿ ಬಂದಿತ್ತಾ?”