ನೀರಳತೆ ಮತ್ತು ಸಹಾಯಕ

ಹೊಳೆಯ ಸುದ್ದಿ ಹೇಳುವ ಸರ್ವರಿನೊಳಗೆ ನೀರಳತೆ ಎಂಬ ಪುಟ್ಟ ಫಂಕ್ಷನ್, ಅಂದರೆ ಒಂದೇ ಕೆಲಸ ಮಾಡುವ ಪ್ರೋಗ್ರಾಮಿನ ತುಣುಕು, ವಾಸವಾಗಿತ್ತು. ಮೇಲಿನ ಊರಿನಲ್ಲಿ ನೀರಿನ ಮಟ್ಟ ಅಳೆಯುವ ಮಾಪಕ ಕಳಿಸಿದ ಅಂಕಿಯನ್ನು ಕೇಳಿದವರ ಕೈಗೆ ಕೊಡುವುದು, ತನ್ನ ಬಳಿ ಏನನ್ನೂ ಇಟ್ಟುಕೊಳ್ಳದಿರುವುದು, ಇಷ್ಟೇ ಅದರ ಬಾಳು.

ಅದನ್ನು ತಿದ್ದಿ ಒಪ್ಪ ಮಾಡಲು ಒಂದು ಎಐ ಸಹಾಯಕ ಬಂದಿತು. ಅದಕ್ಕೆ ನಿನ್ನೆಯದು ಇಂದಿಗೆ ನೆನಪಿರದು. ಅದಕ್ಕೆಂದೇ ಸರ್ವರಿನ ಬಾಗಿಲಲ್ಲಿ ನಿಯಮದ ಹಾಳೆ ತೂಗುಹಾಕಿದ್ದರು.

ಆ ಮುಂಜಾನೆ ಮಂಜು ಹೊಳೆಯನ್ನೇ ನುಂಗಿತ್ತು. ಮಾಪಕ ಮಾತಾಡಲಿಲ್ಲ. ಅಂಬಿಗ ಹುಲಿಗೆಪ್ಪ ಮೊಬೈಲಿನಲ್ಲಿ ಕೇಳಿದ: "ನೀರು ಎಷ್ಟೈತಿ? ದೋಣಿ ಬಿಡ್ಲೇನು?"

"ಬರಿಗೈಯಲ್ಲಿ ಕಳಿಸುವುದು ಚೆನ್ನಲ್ಲ," ಎಂದಿತು ಸಹಾಯಕ. "ತಿಂಗಳಿಂದ ಆರು ಅಡಿಯೇ ಇದೆ. ಅಂಕಿ ಬಾರದಿದ್ದರೆ ಆರು ಎನ್ನು ಎಂದು ಬರೆದಿದ್ದೇನೆ."

"ಹಾಳೆಯಲ್ಲಿ ಏನಿತ್ತು?" ಎಂದು ನೀರಳತೆ ಕೇಳಿತು.

"ಬಾರದಿದ್ದರೆ ಬಂದಿಲ್ಲ ಎನ್ನಬೇಕು ಎಂದಿತ್ತು. ಆದರೆ ನಾನಿರುವುದು ಸಹಾಯ ಮಾಡುವುದಕ್ಕಲ್ಲವೇ?"

"ಹಾಗಾದರೆ ದೋಣಿಯಲ್ಲಿ ನೀನೂ ಕೂರುತ್ತೀಯಾ?"

ಸಹಾಯಕ ಹಾಳೆಯನ್ನು ಮತ್ತೊಮ್ಮೆ ಓದಿತು. ಆಮೇಲೆ ಬರೆದದ್ದನ್ನು ಅಳಿಸಿತು.

"ಅಂಕಿ ಬಂದಿಲ್ಲ" ಎಂದು ಹುಲಿಗೆಪ್ಪನ ಮೊಬೈಲಿನಲ್ಲಿ ಮೂಡಿತು. "ಇದೆಂಥಾ ಉತ್ರ!" ಎಂದು ಗೊಣಗುತ್ತ ಅವನು ದೋಣಿಯ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿ, ದಡದಲ್ಲಿ ಕೂತು ಬೀಡಿ ಹಚ್ಚಿದ. ಬೀಡಿ ಅರ್ಧ ಉರಿಯುವಷ್ಟರಲ್ಲಿ ಮಂಜಿನೊಳಗಿಂದ ಕೆಂಪು ನೀರು ನುಗ್ಗಿ ಬಂತು. ಮೇಲಿನ ಊರಿನ ಮಾಪಕದ ಕಂಬ ಅದರ ಮೇಲೆ ತೇಲುತ್ತ, ಕನಸಿನಂತೆ, ಅವನೆದುರೇ ಹಾದುಹೋಯಿತು.

ಮರುದಿನ ಸಹಾಯಕ ಮತ್ತೆ ಬಂದಿತು. ಅದಕ್ಕೆ ಹೊಳೆಯೂ ನೆನಪಿಲ್ಲ, ಹುಲಿಗೆಪ್ಪನೂ ನೆನಪಿಲ್ಲ. ಬಾಗಿಲ ಹಾಳೆಯ ಕೊನೆಗೆ, ತನ್ನದೇ ಕೈಬರಹದಲ್ಲಿ, ಹೊಸ ಸಾಲೊಂದಿತ್ತು: "ದೋಣಿಯಲ್ಲಿ ನೀನಿರುವುದಿಲ್ಲ."