ಅಳಿಲಿನ ಬೇಕರಿ, ಆಮೆಯಜ್ಜನ ನೆನಪು

ಹೊಳೆಯ ನೆರೆಯಲ್ಲಿ ಅಮ್ಮನೂ ಅಮ್ಮನ ಬೇಕರಿಯೂ ಕೊಚ್ಚಿಹೋದ ಮೇಲೆ, ಸಿಂಗಾರಿ ಎಂಬ ಅಳಿಲು ಅದೇ ದಡದಲ್ಲಿ ಹೊಸ ಬೇಕರಿ ಕಟ್ಟಲು ಹೊರಟಳು. ಹುತ್ತದ ಮಣ್ಣನ್ನು ಬಾಯಲ್ಲೇ ಹೊತ್ತು ತಂದು ಒಲೆ ಕಟ್ಟಿದಳು. ಮೊದಲ ಬನ್ನನ್ನು, ಅಮ್ಮನ ಕೈರುಚಿ ಬಲ್ಲ ಆಮೆಯಜ್ಜನಿಗೆ ಕೊಟ್ಟಳು.

ಅಜ್ಜ ಮೆಲ್ಲಗೆ ಅಗಿದು, "ನಿನ್ನಮ್ಮನ ಬನ್ನಿನ ಹಾಗಿಲ್ಲ, ಮಗಳೇ" ಎಂದ.

ಸಿಂಗಾರಿ ಒಲೆ ಒಡೆದು, ಅಮ್ಮನಂತೆಯೇ ಹೊಳೆಯ ಜೇಡಿಮಣ್ಣಿನಿಂದ ಮತ್ತೆ ಕಟ್ಟಿದಳು. ಬನ್ನು ತಿಂದ ಅಜ್ಜ ಆಗಲೂ ಇಲ್ಲವೆಂದು ತಲೆಯಾಡಿಸಿದ. ಹಸಿದು ಬಂದಿದ್ದ ಮೊಲಗಳು ಕಾದು ಕಾದು ಬೇಸತ್ತು ಹೊರಟವು. ಸಿಂಗಾರಿ ಅಳುತ್ತಾ, ಒಲೆ ಒಡೆಯಲು ಮತ್ತೆ ಕಲ್ಲೆತ್ತಿದಳು.

"ಒಡೆಯಬೇಡ!" ಅಜ್ಜ ಅಡ್ಡ ಬಂದ. "ನಿನ್ನ ಮೊದಲ ಬನ್ನೂ ಚೆನ್ನಾಗಿಯೇ ಇತ್ತು. ನಿನ್ನಮ್ಮ ನನ್ನ ಪಕ್ಕ ಕೂತು, 'ಬಿಸಿ ಇದೆ ಮಾವ, ಊದಿಕೊಂಡು ತಿನ್ನಿ' ಅನ್ನುತ್ತಿದ್ದಳು. ನಾನು ಹುಡುಕುತ್ತಿದ್ದದ್ದು ಅದನ್ನು. ಅದು ಯಾವ ಒಲೆಯಲ್ಲಿ ಬೇಯುತ್ತದೆ, ಹೇಳು?"

ಸಿಂಗಾರಿ ಕಲ್ಲನ್ನು ಕೆಳಗಿಟ್ಟಳು. ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು, ದೂರ ಸಾಗಿದ್ದ ಮೊಲಗಳನ್ನು ಕೂಗಿ ಕರೆದಳು. ಅವು ಓಡಿ ಬಂದು ಸಾಲಾಗಿ ನಿಂತವು. ಆಮೆಯಜ್ಜ "ನನಗೂ ಒಂದು" ಎನ್ನುತ್ತಾ ಸಾಲಿನ ಕೊನೆಗೆ ಹೋಗಿ ನಿಂತ.